ಗರಿ ಸೀಳಿಕೊಟ್ಟೋನು ನಾನೇ

ಇವತ್ತು ನಂದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

2022ರಲ್ಲಿ ‘ಕಾಂತಾರ’ ಬಂದಾಗ ನಾನು ತುಮಕೂರಲ್ಲಿ ಡಿಗ್ರಿ ಓದ್ತಿದ್ದೆ. ಕಾಲೇಜ್ ಡೇ ದಿನ ನಮ್ಮ ಕ್ಲಾಸಿನ ಹುಡುಗ ಮುಖಕ್ಕೆ ಹಳದಿ ಬಣ್ಣ ಬಳ್ಕೊಂಡು, ಸೊಂಟಕ್ಕೆ ತೆಂಗಿನ ಗರಿ ಕಟ್ಕೊಂಡು ಸ್ಟೇಜಿಗೆ ನುಗ್ಗಿ ದೈವದ ಥರ ಕೂಗಿದ. ಆ ಗರಿನ ಗುಬ್ಬಿ ಹತ್ರದ ನಮ್ಮ ತೋಟದಿಂದ ಬಸ್ಸಲ್ಲಿ ತಂದು ಸೀಳಿಕೊಟ್ಟೋನು ನಾನು. ರೀಲ್ಸ್ ಮಾಡಿ ಹಾಕಿದ್ದೂ ನಾನೇ. ಲೈಕ್ ಬಂದಿದ್ದೇ ಬಂದಿದ್ದು.

ಹಾಸ್ಟೆಲಲ್ಲಿ ಬೆಳ್ತಂಗಡಿ ಕಡೆಯ ಗೆಳೆಯ ಒಬ್ಬನಿದ್ದ. ಆವತ್ತು ರಾತ್ರಿ ಊಟಕ್ಕೇ ಬರ್ಲಿಲ್ಲ. ಏನಾಯ್ತೋ ಅಂದ್ರೆ, ‘ಆ ಕೂಗು ಕೇಳಿದ್ರೆ ನನ್ನ ಅಜ್ಜಿ ಕೈಮುಗಿದು ನಿಲ್ತಾರೆ ಮಾರಾಯ. ನೀವೆಲ್ಲ ನಗಾಡ್ತಿದ್ರಿ’ ಅಂದ.

ಆಮೇಲೆ ನಿಧಾನಕ್ಕೆ ಹೇಳಿದ. ದೈವ ಕಟ್ಟೋದು ನಲಿಕೆ, ಪರವ, ಪಂಬದ ಸಮುದಾಯದವರು. ಕೋಲಕ್ಕೆ ಮುಂಚೆ ಅವರಿಗೆ ಎಣ್ಣೆ, ವೀಳ್ಯ ಕೊಡ್ತಾರೆ. ಅದಕ್ಕೆ ಎಣ್ಣೆಬೂಳ್ಯ ಅಂತಾರೆ. ಅದನ್ನ ತಗೊಂಡ ಮೇಲೇ ಬಣ್ಣ, ಗಗ್ಗರ ಎಲ್ಲ. ಅಂದ್ರೆ ಪರ್ಮಿಷನ್ ಅನ್ನೋದು ಆ ಆಚರಣೆಯ ಒಳಗೇ ಇದೆ. ನಾವು ಅದನ್ನ ಬಿಟ್ಟು ಬಣ್ಣ ಮಾತ್ರ ಎತ್ಕೊಂಡು ಬಂದಿದ್ವಿ. ಇನ್ನೊಂದು ಮಾತು, ಕೋಲದ ರಾತ್ರಿ ಊರೆಲ್ಲ ಆ ಮನುಷ್ಯನ ಮುಂದೆ ಕೈಮುಗಿಯುತ್ತೆ. ಬೆಳಗ್ಗೆ ಅವರನ್ನ ಎಲ್ಲಿ ಕೂರಿಸ್ತಾರೆ ಅನ್ನೋದನ್ನೂ ಕೇಳ್ಬೇಕು. ಅದನ್ನ ನಮ್ಮ ಸ್ಟೇಜಲ್ಲಿ ಯಾರೂ ಕೇಳಲಿಲ್ಲ.

2025ರ ಅಕ್ಟೋಬರಲ್ಲಿ ‘ಕಾಂತಾರ ಚಾಪ್ಟರ್ 1’ ಬಂದಾಗ ಥಿಯೇಟರಿಗೇ ವೇಷ ಹಾಕ್ಕೊಂಡು ಹೋದ್ರು. ನಿರ್ಮಾಪಕರಾದ ಹೊಂಬಾಳೆಯವರೇ ಬೇಡಪ್ಪ, ದೈವವನ್ನ ಅನುಕರಣೆ ಮಾಡ್ಬೇಡಿ ಅಂತ ಮನವಿ ಮಾಡ್ಬೇಕಾಯ್ತು. ಮುಂದಿನ ತಿಂಗಳೇ ಗೋವಾದ ಚಿತ್ರೋತ್ಸವದ ವೇದಿಕೆ ಮೇಲೆ ರಣವೀರ್ ಸಿಂಗ್ ಅದನ್ನೇ ಮಾಡಿ, ಕೊನೆಗೆ ಕ್ಷಮೆ ಕೇಳಿದ್ರು. ಸಿನಿಮಾದವರು ದೈವದ ಅಪ್ಪಣೆ ಪಡೆದೇ ಮಾಡಿದ್ವಿ ಅಂತಾರೆ. ಅಪ್ಪಣೆ ಇದ್ರೂ ತೆರೆ ಮೇಲೆ ತರಬಾರದಿತ್ತು ಅನ್ನೋ ದೈವಾರಾಧಕರೂ ಇದ್ದಾರೆ. ಈ ಜಗಳದಲ್ಲಿ ತೀರ್ಪು ಕೊಡೋಕೆ ತುಮಕೂರಿನ ನಾನ್ಯಾರು?

ನ್ಯೂಜಿಲೆಂಡಿನ ಮಾವೋರಿಗಳಿಗೂ ಇದೇ ತಲೆನೋವು. ರಗ್ಬಿ ಮ್ಯಾಚಿಗೆ ಮುಂಚೆ ಹಾಕ ಅಂತ ಕುಣೀತಾರಲ್ಲ, ಅದರಲ್ಲಿ ‘ಕಾ ಮಾತೆ’ ಅನ್ನೋದು ಎಗ್ಗಿಲ್ಲದೆ ಜಾಹೀರಾತು, ಟೀ ಶರ್ಟು ಅಂತ ಓಡಾಡ್ತಿತ್ತು. ಅದು ಎನ್‌ಗಾತಿ ತೋವಾ ಬುಡಕಟ್ಟಿನದು. 2014ರಲ್ಲಿ ಅಲ್ಲಿ ಕಾನೂನೇ ಬಂತು. ವ್ಯಾಪಾರಕ್ಕೆ ಬಳಸಿದ್ರೆ ಇದು ಯಾರದ್ದು ಅಂತ ಹೆಸರು ಹಾಕ್ಬೇಕು. ದುಡ್ಡು ಕೊಡ್ಬೇಕು ಅಂತಿಲ್ಲ, ಹೆಸರು ಅಷ್ಟೇ. ನಂಗೆ ಇದು ಕಮ್ಮಿ ಅನ್ಸುತ್ತೆ.

ಇದೆಲ್ಲ ಕರಾವಳಿ ಕಥೆ, ನಮಗೇನು ಅಂದ್ಕೊಂಡಿದ್ದೆ. ಹೋದ ವರ್ಷ ಕುಣಿಗಲ್ ರೋಡಿನ ಒಂದು ರೆಸಾರ್ಟಿಂದ ನಮ್ಮೂರಿಗೆ ಫೋನ್ ಬಂತು. ಮದುವೆ ರಿಸೆಪ್ಷನ್‌ಗೆ ಗೇಟಲ್ಲಿ ನಿಂತು ಗೆಸ್ಟ್ ಸ್ವಾಗತಿಸೋಕೆ ಎರಡು ಸೋಮ ಬೇಕಂತೆ. ಸೋಮನ ಕುಣಿತ ನೋಡಿದ್ದೀರಲ್ಲ, ದೊಡ್ಡ ಕೆಂಪು ಮುಖ. ನಮ್ಮಲ್ಲಿ ಅದು ಅಮ್ಮನ ಗುಡಿಯಲ್ಲೇ ಇರುತ್ತೆ, ಪೂಜೆ ಆಗದೆ ಯಾರೂ ಹೊರಲ್ಲ. ತಾತ ಫೋನಲ್ಲಿ, ‘ಹೂ ಕೇಳ್ಬೇಕು ಕಣಪ್ಪ, ಅಮ್ಮ ಬಲಗಡೆ ಕೊಟ್ರೆ ನೋಡಾಣ’ ಅಂದ್ರು. ಆ ಕಡೆಯೋನು ನಕ್ಕು, ‘ಹಂಗಾದ್ರೆ ಫೈಬರ್ ಮುಖ ಮಾಡಿಸ್ಕೋತೀವಿ ಬಿಡಿ’ ಅಂದು ಕಟ್ ಮಾಡಿದ.

ತಾತ ಆವತ್ತು ಉಣ್ಣಲಿಲ್ಲ. ನಾನು ಬೆಳ್ತಂಗಡಿಗೆ ಫೋನ್ ಹಚ್ಚಿದೆ.