ಪುರುಷರ ತಂಡಗಳಿಗೆ ಮಹಿಳೆಯರ ಮಾರ್ಗದರ್ಶನ: ಹೈದರಾಬಾದಿನ ನಿದರ್ಶನಗಳು

(ಭಾಷಣದ ಪಠ್ಯ)



ಮಹಿಳೆಯರ ತಂಡಕ್ಕೆ ಪುರುಷರು ತರಬೇತಿ ನೀಡಿದರೆ ಯಾರೂ ಅಚ್ಚರಿಪಡುವುದಿಲ್ಲ. 2025ರ ನವೆಂಬರ್ 2ರಂದು ಭಾರತದ ಮಹಿಳಾ ಕ್ರಿಕೆಟ್ ತಂಡವು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾ ತಂಡವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಅದರ ಮುಖ್ಯ ತರಬೇತುದಾರರಾಗಿದ್ದವರು ಅಮೋಲ್ ಮಜುಂದಾರ್. ಮಹಿಳೆಯರ ಆಟವನ್ನು ಪುರುಷರೊಬ್ಬರು ಹೇಗೆ ಅರಿತಾರು ಎಂಬ ಸಂದೇಹ ಅಲ್ಲಿ ಅಡ್ಡಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಆದರೆ ಪುರುಷರ ತಂಡದ ಹೊಣೆಯನ್ನು ಮಹಿಳೆಗೆ ವಹಿಸುವ ಮಾತು ಬಂದಾಗ ಇದೇ ಸಂದೇಹ ಎಲ್ಲಕ್ಕಿಂತ ಮೊದಲು ತಲೆಯೆತ್ತುತ್ತದೆ. ಈ ತಾರತಮ್ಯಕ್ಕೆ ಆಧಾರವೇನು, ಅದನ್ನು ನಿವಾರಿಸುವ ಬಗೆ ಯಾವುದು ಎಂಬುದನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಇದಕ್ಕೆ ಹೈದರಾಬಾದ್ ನಗರವು ಉತ್ತಮ ನಿದರ್ಶನಗಳನ್ನು ಒದಗಿಸುತ್ತದೆ. ಕನ್ನಡಿಗರಿಗೆ ಈ ನಗರ ಅಪರಿಚಿತವಾದುದಲ್ಲ. ಬೀದರ, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿಯೇ ಇದ್ದವು.

ಮೊದಲನೆಯದಾಗಿ ಜಿ. ಎಸ್. ಲಕ್ಷ್ಮಿಯವರ ಸಾಧನೆಯನ್ನು ಗಮನಿಸಬಹುದು. ಅವರು 1968ರಲ್ಲಿ ಆಂಧ್ರದ ರಾಜಮಹೇಂದ್ರಿಯಲ್ಲಿ ಜನಿಸಿದರು. ಸಿಕಂದರಾಬಾದನ್ನು ಕೇಂದ್ರವಾಗಿ ಉಳ್ಳ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಉದ್ಯೋಗದಲ್ಲಿದ್ದುಕೊಂಡು ದೇಶೀಯ ಕ್ರಿಕೆಟ್ ಆಡಿದರು. ಭಾರತದ ಪರವಾಗಿ ಅಂತರರಾಷ್ಟ್ರೀಯ ಪಂದ್ಯವಾಡುವ ಭಾಗ್ಯ ಅವರಿಗೆ ಲಭಿಸಲಿಲ್ಲ. 2008-09ರ ಸಾಲಿನಿಂದ ಅವರು ಮಹಿಳೆಯರ ದೇಶೀಯ ಪಂದ್ಯಗಳಿಗೆ ರೆಫರಿಯಾಗಿ ಕಾರ್ಯ ನಿರ್ವಹಿಸತೊಡಗಿದರು. ಸುಮಾರು ಒಂದು ದಶಕದ ಈ ಅನುಭವದ ಫಲವಾಗಿ 2019ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ರೆಫರಿಗಳ ಸಮಿತಿಗೆ ನೇಮಕಗೊಂಡ ಪ್ರಥಮ ಮಹಿಳೆಯೆನಿಸಿದರು. ಅದೇ ವರ್ಷದ ಡಿಸೆಂಬರ್ 8ರಂದು ಶಾರ್ಜಾದಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಅಮೆರಿಕ ತಂಡಗಳ ನಡುವೆ ನಡೆದ ಪುರುಷರ ಏಕದಿನ ಪಂದ್ಯಕ್ಕೆ ರೆಫರಿಯಾದರು. ಪುರುಷರ ಏಕದಿನ ಅಂತರರಾಷ್ಟ್ರೀಯ ಪಂದ್ಯವೊಂದಕ್ಕೆ ಮಹಿಳೆಯೊಬ್ಬರು ರೆಫರಿಯಾದುದು ಅದೇ ಮೊದಲು.

ರೆಫರಿಯು ತಂಡಕ್ಕೆ ತರಬೇತಿ ನೀಡುವವರಲ್ಲ. ಎರಡೂ ತಂಡಗಳ ಹೊರಗೆ ನಿಂತು ಅವುಗಳನ್ನು ನಿಯಮದ ಚೌಕಟ್ಟಿನಲ್ಲಿ ಇರಿಸುವವರು. ಆಟಗಾರನು ಅಂಪೈರರ ತೀರ್ಪನ್ನು ಧಿಕ್ಕರಿಸಿದರೆ ಅಥವಾ ಅಸಭ್ಯವಾಗಿ ವರ್ತಿಸಿದರೆ ವಿಚಾರಣೆ ನಡೆಸುವ ಹೊಣೆ ಅವರದು. ಮೊದಲ ಹಂತದ ಅಪರಾಧಕ್ಕೆ ಪಂದ್ಯ ಸಂಭಾವನೆಯ ಶೇಕಡ 50ರವರೆಗೆ ದಂಡ ವಿಧಿಸಬಹುದು. ಕಪ್ಪು ಅಂಕಗಳನ್ನು ದಾಖಲಿಸಬಹುದು. ಇವು 24 ತಿಂಗಳಲ್ಲಿ ನಾಲ್ಕಕ್ಕೆ ಏರಿದರೆ ಆಟಗಾರನು ಅಮಾನತಿಗೆ ಗುರಿಯಾಗುತ್ತಾನೆ. ಪುರುಷ ಆಟಗಾರರ ಶಿಸ್ತನ್ನು ನಿರ್ಣಯಿಸುವ ಇಂತಹ ಅಧಿಕಾರವನ್ನು ಮಹಿಳೆಗೆ ಒಪ್ಪಿಸಬಹುದಾದರೆ, ಅವರ ಬ್ಯಾಟಿಂಗ್ ದೋಷವನ್ನು ತಿದ್ದುವ ಕಾರ್ಯವನ್ನು ಏಕೆ ಒಪ್ಪಿಸಬಾರದು?

ಎರಡನೆಯದು ತಂಡದ ಆಡಳಿತ. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡವು 2009ರಲ್ಲಿ ಐಪಿಎಲ್ ಪ್ರಶಸ್ತಿ ಗೆದ್ದಿತು. ಆ ತಂಡದ ಆಡಳಿತದಲ್ಲಿ ಗಾಯತ್ರಿ ರೆಡ್ಡಿಯವರು ಪ್ರಮುಖ ಪಾತ್ರ ವಹಿಸಿದ್ದರು. ಆ ತಂಡವು 2012ರಲ್ಲಿ ರದ್ದಾದ ಬಳಿಕ ಸನ್‌ರೈಸರ್ಸ್ ಹೈದರಾಬಾದ್ ತಂಡವು ಅಸ್ತಿತ್ವಕ್ಕೆ ಬಂದಿತು. ಇದರ ಆಡಳಿತವನ್ನು ವಹಿಸಿಕೊಂಡ ಕಾವ್ಯಾ ಮಾರನ್ ಅವರು ಹರಾಜಿನಲ್ಲಿ ಆಟಗಾರರನ್ನು ಆರಿಸುವ ಮೇಜಿನಲ್ಲಿ ಕುಳಿತವರು. 2023ರಲ್ಲಿ ಹತ್ತು ತಂಡಗಳ ಪೈಕಿ ಕೊನೆಯ ಸ್ಥಾನ ಪಡೆದಿದ್ದ ಈ ತಂಡವು, ಆ ವರ್ಷದ ಡಿಸೆಂಬರ್ ಹರಾಜಿನಲ್ಲಿ ಪ್ಯಾಟ್ ಕಮಿನ್ಸ್ ಅವರನ್ನು 20.50 ಕೋಟಿ ರೂಪಾಯಿಗಳಿಗೆ ಪಡೆದು, 2024ರಲ್ಲಿ ಅಂತಿಮ ಪಂದ್ಯವನ್ನು ತಲುಪಿತು. ಈ ಇಬ್ಬರೂ ಒಡೆತನದ ಕುಟುಂಬಗಳಿಗೆ ಸೇರಿದವರು ಎಂಬುದು ನಿಜ. ಸಾಮಾನ್ಯ ಕುಟುಂಬದ ಆಟಗಾರ್ತಿಗೆ ಈ ಬಾಗಿಲು ತೆರೆದಿರುವುದಿಲ್ಲ. ಆಕೆಗೆ ಅನುಸರಣೀಯವಾದುದು ಲಕ್ಷ್ಮಿಯವರು ನಡೆದ ದಾರಿ: ಅರ್ಹತೆ, ಅನುಭವ ಮತ್ತು ಅಧಿಕೃತ ನೇಮಕ.

ಮೂರನೆಯದಾದ ತರಬೇತಿಯ ಕ್ಷೇತ್ರದಲ್ಲಿ ಮಾತ್ರ ಪ್ರಗತಿ ನಿಧಾನವಾಗಿದೆ. ಹೈದರಾಬಾದಿನ ಪೂರ್ಣಿಮಾ ರಾವ್ ಭಾರತ ಮಹಿಳಾ ತಂಡದ ನಾಯಕಿಯೂ ತರಬೇತುದಾರರೂ ಆಗಿದ್ದವರು. ಕರ್ನಾಟಕದ ಮಮತಾ ಮಾಬೆನ್ ಭಾರತ ತಂಡದ ನಾಯಕತ್ವ ವಹಿಸಿದ ನಂತರ ಬಾಂಗ್ಲಾದೇಶ ಮತ್ತು ಚೀನಾದ ಮಹಿಳಾ ತಂಡಗಳಿಗೆ ತರಬೇತಿ ನೀಡಿದರು. ಆದರೂ ಭಾರತದ ಹಿರಿಯ ಪುರುಷರ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರ ಸ್ಥಾನಕ್ಕೆ ಮಹಿಳೆಯೊಬ್ಬರು ಇದುವರೆಗೆ ಬಂದಿಲ್ಲ.

ಸಾಮರ್ಥ್ಯದ ಕೊರತೆ ಇದಕ್ಕೆ ಕಾರಣವೆನ್ನಲಾಗದು. ದೆಹಲಿಯ ಸುನೀತಾ ಶರ್ಮಾ ಅವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಶಿಕ್ಷಣ ಪಡೆದು ಕ್ರಿಕೆಟ್ ತರಬೇತುದಾರರಾದರು. ಅವರ ಶಿಷ್ಯ ದೀಪ್ ದಾಸ್‌ಗುಪ್ತಾ 2001ರಲ್ಲಿ ಭಾರತದ ವಿಕೆಟ್ ಕೀಪರ್ ಆಗಿ ಟೆಸ್ಟ್ ಪಂದ್ಯ ಪ್ರವೇಶಿಸಿ, ಅದೇ ವರ್ಷ ಮೊಹಾಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಶತಕ ಬಾರಿಸಿದರು. ಸುನೀತಾ ಅವರಿಗೆ 2005ರ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ವಿದೇಶದ ನಿದರ್ಶನವೂ ಇದೆ. ಹಾಂಗ್‌ಕಾಂಗ್‌ನಲ್ಲಿ ಚಾನ್ ಯುಯೆನ್-ಟಿಂಗ್ ಎಂಬ 27 ವರ್ಷದ ತರುಣಿ 2016ರಲ್ಲಿ ಈಸ್ಟರ್ನ್ ಪುರುಷರ ಫುಟ್‌ಬಾಲ್ ತಂಡಕ್ಕೆ ತರಬೇತಿ ನೀಡಿ, ಅಲ್ಲಿನ ಅತ್ಯುನ್ನತ ಲೀಗ್ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟರು.

ತಾನು ಪುರುಷರೊಡನೆ ಆಡದ ಮಹಿಳೆ ಅವರ ಆಟವನ್ನು ಹೇಗೆ ಬಲ್ಲಳು ಎಂಬ ಆಕ್ಷೇಪ ಇನ್ನೂ ಕೇಳಿಬರುತ್ತದೆ. ಪುರುಷರ ಚೆಂಡಿನ ವೇಗ ಹೆಚ್ಚಿನದೆಂಬುದು ಸತ್ಯವೇ. ಆದರೆ ತರಬೇತುದಾರರ ಕೆಲಸ ಆ ಚೆಂಡನ್ನು ಎದುರಿಸುವುದಲ್ಲ. ಎದುರಿಸುವವನ ಕಾಲ ಚಲನೆಯನ್ನು, ತಲೆಯ ನಿಲುವನ್ನು ಗಮನಿಸಿ ತಿದ್ದುವುದು, ಎದುರಾಳಿಯ ದೌರ್ಬಲ್ಯವನ್ನು ಅರಿಯುವುದು, ಸೋತ ತಂಡಕ್ಕೆ ಧೈರ್ಯ ತುಂಬುವುದು. ಇವು ಅಭ್ಯಾಸದಿಂದಲೂ ವಿವೇಕದಿಂದಲೂ ಬರುವ ಗುಣಗಳು.

ಹತ್ತು ಹದಿನೈದು ವರ್ಷ ಆಡಿ ನಿವೃತ್ತಳಾಗುವ ಆಟಗಾರ್ತಿಯ ಅನುಭವವು ಅಲ್ಲಿಗೇ ವ್ಯರ್ಥವಾದರೆ ನಷ್ಟ ಆಕೆಗಷ್ಟೇ ಅಲ್ಲ, ದೇಶಕ್ಕೂ ಹೌದು. ಪಟಿಯಾಲದಲ್ಲಿ ಮಾತ್ರವಲ್ಲದೆ ಬೆಂಗಳೂರಿನ ದಕ್ಷಿಣ ಕೇಂದ್ರದಲ್ಲಿಯೂ ಕ್ರೀಡಾ ತರಬೇತಿಯ ಡಿಪ್ಲೊಮಾ ಶಿಕ್ಷಣ ನಡೆದುಬಂದಿದೆ. ಸಂವಿಧಾನದ 16ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನು ನೀಡಿ, ಲಿಂಗಭೇದವನ್ನು ನಿಷೇಧಿಸಿದೆ. ಶಾಲೆ, ಕಾಲೇಜು ಮತ್ತು ಕ್ರೀಡಾ ಸಂಘಗಳು ಬಾಲಕರ ತಂಡಗಳಿಗೆ ತರಬೇತುದಾರರನ್ನು ಆರಿಸುವಾಗ ಅಭ್ಯರ್ಥಿಯ ಪ್ರಮಾಣಪತ್ರವನ್ನೂ ಅನುಭವವನ್ನೂ ನೋಡಿದರೆ ಸಾಕು. ಇಂದು ಮಹಿಳೆಯಿಂದ ಆಟ ಕಲಿತ ಬಾಲಕ ನಾಳೆ ಹಿರಿಯರ ತಂಡ ಸೇರಿದಾಗ, ತರಬೇತುದಾರರು ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಅವರು ಏನನ್ನು ಕಲಿಸಬಲ್ಲರು ಎಂದು ಕೇಳುತ್ತಾನೆ.