ಮಾತು ಕೊಡುವ ಮುನ್ನ ಲೆಕ್ಕ ಹಾಕಿ



ಸಕ್ಕರೆ ಕಾರ್ಖಾನೆಯಿರುವ ನಮ್ಮ ಭೂಸನೂರಿನಲ್ಲಿ ಕಬ್ಬು ಕಡಿಯುವ ಮೊದಲೇ ರೈತರು ಎಕರೆಗೆ ಎಷ್ಟು ಟನ್ ಬಂದೀತೆಂದು ಅಂದಾಜು ಮಾಡುತ್ತಾರೆ. ಸಾಫ್ಟ್‌ವೇರ್ ಕಣ್ಣಿಗೆ ಕಾಣುವ ಬೆಳೆಯಲ್ಲ. ಅದನ್ನು ಅಳೆಯುವುದು ಹೇಗೆ?

1979ರಲ್ಲಿ ಐಬಿಎಂನ ಅಲನ್ ಆಲ್ಬ್ರೆಕ್ಟ್ ಒಂದು ದಾರಿ ತೋರಿಸಿದರು. ಬಳಕೆದಾರರು ತುಂಬುವ ಮಾಹಿತಿ, ಪಡೆಯುವ ವರದಿ, ಕೇಳುವ ವಿವರ, ಕಾಪಾಡಬೇಕಾದ ಕಡತ ಇವನ್ನೆಲ್ಲ ಎಣಿಸಿ, ತೂಕ ಕೊಟ್ಟು ಕೂಡಿಸುವುದು. ಇದೇ ಫಂಕ್ಷನ್ ಪಾಯಿಂಟ್. 1981ರಲ್ಲಿ ಬ್ಯಾರಿ ಬೋಮ್ ಅವರು ಕೊಕೊಮೊ ಸೂತ್ರವನ್ನು ಪ್ರಕಟಿಸಿದರು. ಅದರಂತೆ 10 ಸಾವಿರ ಸಾಲಿನ ಪರಿಚಿತ ಕೆಲಸಕ್ಕೆ ಒಬ್ಬರ ಸುಮಾರು 27 ತಿಂಗಳ ದುಡಿಮೆ ಬೇಕು. 20 ಸಾವಿರಕ್ಕೆ 54 ಅಲ್ಲ, ಸುಮಾರು 56.

ಆದರೆ ಸಾಲು ಎಣಿಸಿದರಷ್ಟೇ ಸಾಲದು. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಬೇಕಾಯಿತು. ಆ ಶ್ರಮ ಪ್ರೋಗ್ರಾಮಿನ ಸಾಲುಗಳಲ್ಲಿ ಕಾಣುವುದಿಲ್ಲ.

ನಾಳೆ ನಿಮ್ಮನ್ನೂ "ಎಷ್ಟು ದಿನ?" ಎಂದು ಕೇಳುತ್ತಾರೆ. ಮುಖ ನೋಡಿ ಉತ್ತರ ಕೊಡಬೇಡಿ. ನೀವು ಕಡಿಮೆ ಹೇಳಿದ ದಿನಗಳು ಸಂಗಡಿಗರ ನಿದ್ದೆಯಿಂದ ವಸೂಲಾಗುತ್ತವೆ. ಎಣಿಸಿ, ಹಿಂದಿನ ಕೆಲಸದೊಡನೆ ಹೋಲಿಸಿ, "ಇಷ್ಟರಿಂದ ಇಷ್ಟು" ಎಂದು ಹೇಳಿ. ವಿವರ ತಿಳಿದಂತೆಲ್ಲ ಲೆಕ್ಕ ತಿದ್ದಿ. ಕೊಟ್ಟ ಮಾತು ಉಳಿಯುವುದು ಹಾಗೆಯೇ.