ಬೆರಳಿನ ಮಾತು, ಯಂತ್ರದ ಕಿವಿ

ಕಂಪ್ಯೂಟರ್ ಆಟಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಪರದೆಯ ಮೇಲೆ ಕಾಣುವುದನ್ನೇ ವರ್ಣಿಸುತ್ತಾರೆ. ಬಣ್ಣ, ಚಿತ್ರ, ಓಟ, ಸದ್ದು ಇವೇ ಅವರ ಮಾತಿನ ವಸ್ತು. ಆದರೆ ಆಟ ಆರಂಭವಾಗುವುದು ಆಡುವವರ ಅಂಗೈಯಲ್ಲಿ. ಕೈಯಲ್ಲಿ ಹಿಡಿಯುವ ಆ ಪುಟ್ಟ ಸಾಧನಕ್ಕೆ ಕಂಟ್ರೋಲರ್ ಎಂದು ಹೆಸರು. ಬೆರಳು ಅದರ ಗುಂಡಿಯನ್ನೊತ್ತಿದಾಗ ಯಂತ್ರಕ್ಕೆ ಅದು ಹೇಗೆ ತಿಳಿಯುತ್ತದೆ, ತಿಳಿದದ್ದನ್ನು ಆಟದ ಕ್ರಮವಿಧಿ, ಅಂದರೆ ಪ್ರೋಗ್ರಾಂ, ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದು ನನ್ನ ಇಂದಿನ ವಿಷಯ. ನೋಡುವುದಕ್ಕೆ ಇದು ಅಲ್ಪ ಸಂಗತಿ. ಆದರೆ ಆಟವೊಂದು ಆಡುವವನಿಗೆ ನ್ಯಾಯ ಸಲ್ಲಿಸುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ.

ಕೈಗೆ ಒಗ್ಗುವ ಸಾಧನ ಬೇಕೆಂಬ ಅರಿವು ಈ ಆಟಗಳ ಬಾಲ್ಯದಲ್ಲಿಯೇ ಮೂಡಿತು. 1962ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ತರುಣರು ಪಿಡಿಪಿ-1 ಎಂಬ ಕಂಪ್ಯೂಟರಿನ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಮೊದಮೊದಲು ಅದನ್ನು ಯಂತ್ರದ ಮುಖಫಲಕದ ಸ್ವಿಚ್ಚುಗಳಿಂದಲೇ ಆಡಬೇಕಾಗಿತ್ತು. ಆ ಕಷ್ಟವನ್ನು ಕಂಡು ಅಲನ್ ಕೋಟಕ್ ಮತ್ತು ಬಾಬ್ ಸಾಂಡರ್ಸ್ ಎಂಬಿಬ್ಬರು ಪ್ರತ್ಯೇಕವಾದ ನಿಯಂತ್ರಣ ಪೆಟ್ಟಿಗೆಗಳನ್ನು ಮಾಡಿಕೊಂಡರು.

ಕಂಟ್ರೋಲರಿನ ಒಳಗುಟ್ಟನ್ನು ತಿಳಿಯಲು ಜಪಾನಿನ ನಿಂಟೆಂಡೊ ಕಂಪೆನಿ 1985ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಎನ್.ಇ.ಎಸ್. ಯಂತ್ರವನ್ನು ನೋಡಬಹುದು. ಅದರ ಕಂಟ್ರೋಲರಿನಲ್ಲಿ ಎ, ಬಿ, ಸೆಲೆಕ್ಟ್, ಸ್ಟಾರ್ಟ್ ಎಂಬ ನಾಲ್ಕು ಗುಂಡಿಗಳು. ನಾಲ್ಕು ದಿಕ್ಕುಗಳನ್ನು ಸೂಚಿಸುವ ಒಂದು ಶಿಲುಬೆಯಾಕಾರದ ಕೀಲಿ. ಗುಂಡಿಯನ್ನೊತ್ತಿದ ಕೂಡಲೇ ಅದು ಯಂತ್ರವನ್ನು ಕೂಗಿ ಕರೆಯುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಅಲ್ಲಿ ಕೇಳುವ ಕೆಲಸವೆಲ್ಲ ಪ್ರೋಗ್ರಾಮಿನದು. ‘ಈ ಗಳಿಗೆಯ ಸ್ಥಿತಿಯನ್ನು ಹಿಡಿದಿಡು’ ಎಂದು ಅದು ಮೊದಲು ಆಜ್ಞಾಪಿಸುತ್ತದೆ. ಬಳಿಕ ಶಾಲೆಯಲ್ಲಿ ಉಪಾಧ್ಯಾಯರು ಹಾಜರಿ ಕರೆಯುವಂತೆ ಒಂದೊಂದನ್ನೇ ವಿಚಾರಿಸುತ್ತದೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಎಂಟು ಹೆಸರಿಗೆ ಎಂಟು ಉತ್ತರ. ಈ ಹಾಜರಿ ಸೆಕೆಂಡಿಗೆ ಸುಮಾರು 60 ಸಲ ನಡೆಯುತ್ತದೆ.

ಇನ್ನು ನಮ್ಮ ಆಟ ಬಹಳ ಸರಳವೆಂದಿಟ್ಟುಕೊಳ್ಳೋಣ. ಒಬ್ಬ ಪುಟ್ಟ ಮನುಷ್ಯ ನಡೆಯುತ್ತಾನೆ, ನೆಗೆಯುತ್ತಾನೆ, ಗುಂಡು ಹಾರಿಸುತ್ತಾನೆ. ಆಡುವವನು ಗುಂಡಿಯನ್ನೊತ್ತಿ ಬಿಡುವುದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯಿತೆನ್ನಿ. ಅಷ್ಟರಲ್ಲಿ ಆರು ಸಲ ಹಾಜರಿ ಮುಗಿದಿರುತ್ತದೆ. ಆರು ಸಲವೂ ‘ಒತ್ತಿದೆ’ ಎಂಬ ಉತ್ತರವೇ ಬಂದಿರುತ್ತದೆ. ಪ್ರೋಗ್ರಾಂ ಪ್ರತಿ ಉತ್ತರಕ್ಕೂ ಒಂದೊಂದು ಗುಂಡು ಹಾರಿಸಿದರೆ, ಒಂದನ್ನು ಬಯಸಿದವನಿಗೆ ಆರು ಸಿಕ್ಕಂತಾಯಿತು! ಯಂತ್ರಕ್ಕೆ ಗೊತ್ತಿರುವುದು ಸ್ಥಿತಿ. ಮನುಷ್ಯ ಹೇಳಹೊರಟದ್ದು ಇಚ್ಛೆ.

ಇದಕ್ಕೆ ಪರಿಹಾರ ಸುಲಭ. ಹಿಂದಿನ ಹಾಜರಿಯನ್ನು ನೆನಪಿಟ್ಟುಕೊಂಡು ಇಂದಿನದರೊಡನೆ ಹೋಲಿಸಬೇಕು. ಆಗ ಇರಲಿಲ್ಲ, ಈಗ ಇದೆ ಎಂದರೆ ಅದು ಹೊಸದಾಗಿ ಒತ್ತಿದ್ದು. ಆಗ ಇತ್ತು, ಈಗ ಇಲ್ಲ ಎಂದರೆ ಬಿಟ್ಟದ್ದು. ಮನೆಯ ನಲ್ಲಿಯನ್ನೂ ಬಾಗಿಲ ಕರೆಗಂಟೆಯನ್ನೂ ನೆನೆಯಿರಿ. ನಲ್ಲಿ ತೆರೆದಿರುವಷ್ಟು ಹೊತ್ತೂ ನೀರು ಬರಬೇಕು. ಆದರೆ ಅತಿಥಿ ಗಂಟೆಯ ಮೇಲೆ ಎಷ್ಟೇ ಹೊತ್ತು ಬೆರಳಿಟ್ಟಿದ್ದರೂ ನಾವು ಒಂದೇ ಸಲ ಬಾಗಿಲು ತೆರೆಯುತ್ತೇವೆ. ನಡಿಗೆ ನಲ್ಲಿಯಂತೆ, ನೆಗೆತ ಕರೆಗಂಟೆಯಂತೆ. ಯಾವುದು ಯಾವುದೆಂದು ಯಂತ್ರಕ್ಕೆ ತಿಳಿಯದು, ಬರೆಯುವವನೇ ತಿಳಿಸಬೇಕು.

ಹಾಜರಿಯಲ್ಲಿ ತಪ್ಪು ಉತ್ತರ ಬರುವುದೂ ಉಂಟು. ಎನ್.ಇ.ಎಸ್. ಯಂತ್ರದಲ್ಲಿ ಧ್ವನಿಮುದ್ರಿತ ಸದ್ದುಗಳನ್ನು ನುಡಿಸುವಾಗ ಒಮ್ಮೊಮ್ಮೆ ಒಂದು ಹೆಸರು ಜಾರಿ, ಒತ್ತದ ಗುಂಡಿಯೂ ಒತ್ತಿದಂತೆ ತೋರುತ್ತಿತ್ತು. ಆದ್ದರಿಂದ ಪ್ರೋಗ್ರಾಂ ಬರೆಯುವವರು ಎರಡು ಸಲ ಹಾಜರಿ ಕರೆದು, ಎರಡೂ ಒಂದೇ ಆದಾಗ ಮಾತ್ರ ನಂಬುವ ಪದ್ಧತಿಯನ್ನಿಟ್ಟುಕೊಂಡರು. ಈಚಿನ ಕಂಟ್ರೋಲರುಗಳಲ್ಲಿ ಎಲ್ಲ ಕಡೆಗೂ ವಾಲುವ ಸನ್ನೆಕೋಲೂ ಇರುತ್ತದೆ. ಬೆರಳು ತೆಗೆದರೂ ಅದು ಸೊನ್ನೆಗೆ ಸರಿಯಾಗಿ ಮರಳುವುದಿಲ್ಲ. ಕೊಂಚ ಅತ್ತಿತ್ತ ನಿಲ್ಲುತ್ತದೆ. ಅದನ್ನೇ ನಂಬಿದರೆ ಯಾರೂ ಮುಟ್ಟದಿದ್ದರೂ ನಮ್ಮ ಪುಟ್ಟ ಮನುಷ್ಯ ಮೆಲ್ಲನೆ ತೆವಳತೊಡಗುತ್ತಾನೆ. ಅದಕ್ಕಾಗಿ ನಡುವೆ ಒಂದು ಜಡವಲಯವನ್ನು ಗೊತ್ತುಮಾಡಿ, ಅದರೊಳಗಿನ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ವಲಯ ತೀರ ದೊಡ್ಡದಾದರೆ ಬೆರಳಿನ ನವುರಾದ ಇಂಗಿತವೂ ಅಳಿಸಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮಿಗಿಲಾಗಿ ತೋರುವುದು ಇನ್ನೊಂದು ಸಂಗತಿ. ಆಡುವವನು ಮೇಲಿನಿಂದ ಇಳಿಯುತ್ತಿದ್ದಾನೆ. ನೆಲ ಮುಟ್ಟುವ ಕಣ್ರೆಪ್ಪೆಯಷ್ಟು ಮೊದಲೇ ನೆಗೆತದ ಗುಂಡಿಯನ್ನೊತ್ತುತ್ತಾನೆ. ಕಟ್ಟುನಿಟ್ಟಿನ ಪ್ರೋಗ್ರಾಂ, ‘ನೀನಿನ್ನೂ ಗಾಳಿಯಲ್ಲಿದ್ದೀಯೆ’ ಎಂದು ಆ ಒತ್ತನ್ನು ತಳ್ಳಿಹಾಕುತ್ತದೆ. ‘ನಾನು ಒತ್ತಿದೆನಲ್ಲ!’ ಎಂಬ ಅವನ ದೂರು ಸುಳ್ಳಲ್ಲ. ಹೃದಯವಂತನಾದ ರಚನಾಕಾರ ಆ ಒತ್ತನ್ನು ಕೆಲವು ಕ್ಷಣಾಂಶಗಳವರೆಗೆ ನೆನಪಿನಲ್ಲಿಟ್ಟು, ಕಾಲು ನೆಲ ಮುಟ್ಟುತ್ತಲೇ ನೆಗೆಸುತ್ತಾನೆ. ಅಂಚು ದಾಟಿದ ಮೇಲೂ ಅಷ್ಟೇ ಹೊತ್ತು ನೆಗೆಯಲು ಅವಕಾಶ ಕೊಡುತ್ತಾನೆ. ಇದಕ್ಕೆ ‘ಕಯೋಟಿ ಟೈಮ್’ ಎಂದು ಹೆಸರು. ಬೆಟ್ಟದಂಚನ್ನು ದಾಟಿಯೂ ಗಳಿಗೆ ಹೊತ್ತು ಗಾಳಿಯಲ್ಲಿ ನಿಲ್ಲುವ ಅಮೆರಿಕದ ವ್ಯಂಗ್ಯಚಿತ್ರದ ತೋಳನಿಂದ ಬಂದದ್ದು. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಕಠಿಣವಾದ ಆಟದಲ್ಲಿಯೂ ಇಂಥ ಔದಾರ್ಯವಿದೆ. ಆಟ ಕಷ್ಟವಾಗಿದ್ದರೆ ತಪ್ಪಿಲ್ಲ, ಕಿವುಡಾಗಿರಬಾರದು.

ಕೇಳುಗರಲ್ಲಿ ಯಾರಾದರೂ ಆಟವೊಂದನ್ನು ಬರೆಯಲು ಹೊರಟಿದ್ದರೆ ಅವರಿಗೆ ನನ್ನದೊಂದು ಸೂಚನೆ. ‘ಎ ಗುಂಡಿ ಒತ್ತಿದೆಯೆ?’ ಎಂದು ಪ್ರೋಗ್ರಾಮಿನ ಉದ್ದಕ್ಕೂ ಕೇಳುತ್ತ ಹೋಗಬೇಡಿ. ‘ನೆಗೆಯಬೇಕೆ?’ ಎಂದು ಕೇಳಿ. ಯಾವ ಗುಂಡಿಗೆ ಯಾವ ಅರ್ಥವೆಂಬ ಪಟ್ಟಿಯನ್ನು ಬೇರೊಂದು ಕಡೆ ಇಟ್ಟು, ಆಡುವವರೇ ಅದನ್ನು ಬದಲಾಯಿಸಿಕೊಳ್ಳುವಂತೆ ಮಾಡಿ. ಎಲ್ಲರಿಗೂ ಹತ್ತು ಬೆರಳುಗಳು ಒಂದೇ ಬಗೆಯಾಗಿ ಒದಗುವುದಿಲ್ಲ. ಅಂಥವರಿಗಾಗಿಯೇ 2018ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಎರಡು ಅಗಲವಾದ ಗುಂಡಿಗಳುಳ್ಳ ಕಂಟ್ರೋಲರೊಂದನ್ನು ಹೊರತಂದಿತು. ಮೊಣಕೈಯಿಂದಲೋ ಪಾದದಿಂದಲೋ ಒತ್ತಬಲ್ಲ ಬೇರೆ ಸ್ವಿಚ್ಚುಗಳನ್ನೂ ಅದಕ್ಕೆ ಜೋಡಿಸಬಹುದು. ಆದರೆ ಒಂದೇ ಸಮನೆ ಬಡಿಯುವ ಬೆರಳನ್ನಲ್ಲದೆ ಬೇರೇನನ್ನೂ ಒಪ್ಪದ ಆಟಕ್ಕೆ ಎಂಥ ಸಾಧನವನ್ನು ಜೋಡಿಸಿದರೂ ಫಲವಿಲ್ಲ. ಬರೆಯುವವನು ಮೊದಲ ದಿನವೇ ಆ ಪಟ್ಟಿಯನ್ನು ಬೇರೆಯಾಗಿಟ್ಟಿದ್ದರೆ, ತಾನೆಂದೂ ಕಾಣದ ಒಬ್ಬ ಹುಡುಗನೋ ಹುಡುಗಿಯೋ ಪಾದದಿಂದ ಒಂದು ಸ್ವಿಚ್ಚನ್ನೊತ್ತಿ ಆ ಪುಟ್ಟ ಮನುಷ್ಯನನ್ನು ನೆಗೆಸಬಹುದು.